ನಾನು ಬರೆದ ಮಹಜರು

ಮೈಸೂರಿನ ಕಾಲೇಜಿನಲ್ಲಿ ನಾನು ಎರಡು ವಿದ್ಯೆ ಕಲಿತೆ. ರಸಾಯನಶಾಸ್ತ್ರದಲ್ಲಿ ಎರಡನೆಯ ದರ್ಜೆಯಲ್ಲಿ ಪಾಸಾದೆ, ಚರ್ಚಾಸ್ಪರ್ಧೆಯಲ್ಲಿ ಬೆಳ್ಳಿ ಬಟ್ಟಲು ಗೆದ್ದೆ. ಇವೆರಡರಲ್ಲಿ ಯಾವುದು ತಲೆಗೇರಿತು ಎಂದು ಬೇರೆ ಹೇಳಬೇಕಾಗಿಲ್ಲ. ವಾದ ಕಲಿಸಿದ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರು: ಎದುರಾಳಿಗೆ ಎರಡೇ ಬಾಗಿಲು ಇವೆ ಎಂದು ಮೊದಲು ಒಪ್ಪಿಸು, ಆಮೇಲೆ ಅವುಗಳಲ್ಲಿ ಒಂದನ್ನು ಮುಚ್ಚು, ಅವನು ಇನ್ನೊಂದರಿಂದ ತಾನಾಗಿ ನಿನ್ನ ಕೈಗೆ ಬರುತ್ತಾನೆ. ಮೂರನೆಯ ಬಾಗಿಲು ಇದ್ದರೆ ಏನು ಮಾಡುವುದು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ನಾನು ಚಾಮರಾಜನಗರದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನಮ್ಮೂರು ಅಲ್ಲಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಇಳಿದು ಎರಡು ಮೈಲಿ ಒಳಗೆ ನಡೆಯಬೇಕಾದ ಹಳ್ಳಿ. ಶನಿವಾರ ಅರ್ಧ ದಿನದ ಪಾಠ ಮುಗಿಸಿ ಮೋಟಾರು ಹತ್ತಿ ಊರಿಗೆ ಹೋಗುವುದು, ಸೋಮವಾರ ಬೆಳಿಗ್ಗೆ ವಾಪಸಾಗುವುದು ರೂಢಿಯಾಗಿತ್ತು. ದೀಪಾವಳಿಗೆ ಇನ್ನು ಎರಡು ವಾರ ಇದ್ದ ಒಂದು ಶನಿವಾರ ಮೋಟಾರಿನಿಂದ ಇಳಿದಾಗ ಜೋರು ಮಳೆ ಹೊಡೆದು ನಿಂತಿತ್ತು. ಬಿಸಿಲು ಬಂದಿತ್ತು. ಕೆಸರು ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದವನಿಗೆ ಊರಿನ ಮೇಲೆ ಹೊಗೆ ಕಂಡಿತು. ಮೊದಲು ಯಾರೋ ಹಸಿ ಸೌದೆ ಒಲೆಗೆ ಇಟ್ಟಿದ್ದಾರೆ ಅಂದುಕೊಂಡೆ. ಹತ್ತಿರ ಬಂದಾಗ ಕೂಗು ಕೇಳಿಸಿತು.

ಉರಿಯುತ್ತಿದ್ದದ್ದು ನಮ್ಮ ಮನೆಗೆ ನಾಲ್ಕು ಮನೆ ಆಚೆ, ಒಬ್ಬ ಹಿರಿಯ ಒಕ್ಕಲಿನವನ ಮನೆ. ಊರಿಗೆಲ್ಲ ಅವನು ಯಜಮಾನ. ನಾಡಹೆಂಚಿನ ಮನೆ, ಎರಡು ಗಂಡುಮಕ್ಕಳು, ಇಬ್ಬರು ಸೊಸೆಯರು, ಹಿರಿಯ ಸೊಸೆಗೆ ಎಂಟು ತಿಂಗಳ ಹೆಣ್ಣುಕೂಸು. ಮಳೆ ಬಂದು ಒಂದು ಗಂಟೆಯೂ ಕಳೆದಿರಲಿಲ್ಲ. ಹೆಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಆ ತೊಟ್ಟಿಕ್ಕುವ ಹೆಂಚಿನ ಸಂದಿಯಿಂದಲೇ ಹೊಗೆ ಬರುತ್ತಿತ್ತು. ನಾನೂ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತೆ. ಒಳಮನೆಯ ಅಟ್ಟದ ಮೇಲೆ ನೀರು ಎರಚಿದಾಗ ಬೆಂಕಿ ಆರುವ ಬದಲು ಬುಸ್ಸೆಂದು ಬೆಳ್ಳಗೆ ಹೊಗೆಯುಗುಳಿತು. ಮುಂದೆ ಇದ್ದವರು ಕಣ್ಣು ಮುಚ್ಚಿಕೊಂಡು ಹಿಂದೆ ಸರಿದರು. ಇನ್ನೊಂದು ಬಿಂದಿಗೆಗೂ ಹಾಗೆಯೇ ಆಯಿತು. ಅಷ್ಟರಲ್ಲಿ ಅಟ್ಟ ಕುಸಿಯಿತು. ಕೂಸಿನ ತೊಟ್ಟಿಲು ಅದೇ ಅಟ್ಟದ ತೊಲೆಗೆ ಕಟ್ಟಿತ್ತು.

ಆ ಹೊತ್ತಿನಲ್ಲಿ ಮನೆಯಲ್ಲಿದ್ದವಳು ಕಿರಿಯ ಸೊಸೆ ಒಬ್ಬಳೇ. ಉಳಿದವರೆಲ್ಲ ಹುರುಳಿ ಹೊಲದಲ್ಲಿದ್ದರು. ಅವಳು ಗುಂಡ್ಲುಪೇಟೆಯಿಂದ ಬಂದ ಹುಡುಗಿ, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಓದು ಬರುತ್ತಿರಲಿಲ್ಲ. ತಂದೆ ಯಾರಿಂದಲೋ ಬರೆಸಿ ಕಳಿಸಿದ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಶನಿವಾರ ನಾನು ಬರುವುದನ್ನೇ ಕಾಯುತ್ತಿದ್ದಳು. ಓದಿ ಹೇಳಿದರೆ, ಎಮ್ಮೆ ಕರು ಹಾಕಿತು ಎಂಬ ಸಾಲನ್ನು ಎರಡು ಸಲ ಓದಿಸುತ್ತಿದ್ದಳು. ಮದುವೆಯಾಗಿ ಐದು ವರ್ಷ, ಮಕ್ಕಳಿರಲಿಲ್ಲ. ಮಳೆ ನಿಂತ ಮೇಲೆ ಕೂಸನ್ನು ಮಲಗಿಸಿ, ನೆನೆದ ಬಟ್ಟೆ ಹಿಂಡಿ ಬೇಲಿಯ ಮೇಲೆ ಹರವುತ್ತಿದ್ದಳಂತೆ. ಹೊಗೆ ಕಂಡು ತೊಟ್ಟಿಲ ಕಡೆ ನುಗ್ಗಿ, ಅಟ್ಟದಿಂದ ಉದುರಿದ್ದನ್ನು ಬರಿಗೈಯಲ್ಲಿ ಬಾಚುತ್ತಿದ್ದಳು. ಅವಳನ್ನು ಎಳೆದು ತಂದು ಜಗಲಿಯ ಮೇಲೆ ಕೂರಿಸಿದ್ದರು. ಎರಡು ಕೈಗಳನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು. ಅಂಗೈ ಬೊಬ್ಬೆ ಬಂದಂತಿರಲಿಲ್ಲ, ತಿಂದುಹೋದಂತಿತ್ತು. ಬೆರಳ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿ ಅಂಟಿತ್ತು. ನಾನು ಅದನ್ನು ನೋಡಿದೆ. ನೋಡಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮಾರನೆಯ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಊರು ಸೇರಿತು. ಇದು ಮಾಟ ಎಂದು ಎಲ್ಲರಿಗೂ ಖಚಿತವಾಗಿತ್ತು. ಮಳೆ ಬಿದ್ದು ನೆನೆದ ಮನೆ ತಾನಾಗಿ ಹತ್ತಿಕೊಳ್ಳುವುದುಂಟೆ? ಹಗಲು ಹೊತ್ತು, ಒಲೆ ಆರಿತ್ತು, ದೀಪ ಹಚ್ಚಿರಲಿಲ್ಲ. ಮಾಟ ಬಿಡಿಸುವವನನ್ನು ಕರೆಸುವುದಕ್ಕೆ ಇಬ್ಬರು ಆಗಲೇ ಹೊರಟು ನಿಂತಿದ್ದರು. ನಾನು ಎದ್ದು ನಿಂತೆ. ಬೆಳ್ಳಿ ಬಟ್ಟಲು ಗೆದ್ದ ದಿನವೂ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ದೆವ್ವಕ್ಕೆ ಕೈಯಿಲ್ಲ, ಕಡ್ಡಿ ಗೀರಲಾರದು ಎಂದೆ. ಇಷ್ಟು ವರ್ಷ ಮಾಟ ಮಾಡಿಸಿಕೊಂಡವರಲ್ಲಿ ಯಾರ ಮನೆ ಉರಿದಿದೆ ಹೇಳಿ ಎಂದೆ. ಬೆಂಕಿ ಅಂದಮೇಲೆ ಒಂದೋ ದೆವ್ವ ಹಚ್ಚಿರಬೇಕು, ಇಲ್ಲವೋ ಮನುಷ್ಯ ಹಚ್ಚಿರಬೇಕು, ದೆವ್ವ ಇಲ್ಲ, ಹಾಗಾದರೆ ಉಳಿದದ್ದು ಏನು ಎಂದು ಕೇಳಿ ಸುತ್ತ ನೋಡಿದೆ. ಎರಡು ಬಾಗಿಲು. ಒಂದನ್ನು ಮುಚ್ಚಿದ್ದೆ.

ಯಜಮಾನ ಅಲ್ಲಿಯವರೆಗೆ ತಲೆ ಬಗ್ಗಿಸಿ ಕೂತಿದ್ದ. ಮೆಲ್ಲಗೆ ಕೇಳಿದ:

"ಅಂಗಾರೆ ನೀರ್ ಉಯ್ದಂಗೂ ಬೆಂಕಿ ಯಾಕ ಎಚ್ಚಾಯ್ತು ಮೇಷ್ಟ್ರಪ್ಪ? ಅದ್ನ ಏಳು."

ಒಳ್ಳೆಯ ಪ್ರಶ್ನೆ. ಆ ಸಭೆಯಲ್ಲಿ ಕೇಳಿದ ಒಂದೇ ಒಳ್ಳೆಯ ಪ್ರಶ್ನೆ. ಗೊತ್ತಿಲ್ಲ ಎಂದು ಹೇಳಬಹುದಾಗಿತ್ತು. ಆದರೆ ಚರ್ಚೆಯಲ್ಲಿ ಗೊತ್ತಿಲ್ಲ ಅಂದವನು ಸೋತ ಹಾಗೆ. ಉರಿಯುವ ಸೀಮೆಎಣ್ಣೆಗೆ ನೀರು ಹಾಕಿದರೆ ಎಣ್ಣೆ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ, ಅದು ವಿಜ್ಞಾನ, ಅದರಲ್ಲಿ ಮಾಟ ಏನೂ ಇಲ್ಲ ಎಂದೆ. ಹೇಳಿದ್ದು ಸುಳ್ಳಲ್ಲ. ಆ ಮನೆಗೆ ಅದು ಹೊಂದುತ್ತದೆಯೇ ಎಂದು ಮಾತ್ರ ನೋಡಿರಲಿಲ್ಲ.

ಆಮೇಲೆ ಹೆಂಗಸರ ಕಡೆಯಿಂದ ಯಾರೋ, ಕಿರಿಯ ಸೊಸೆ ನೆನ್ನೆ ಮಧ್ಯಾಹ್ನ ಲಾಟೀನಿಗೆ ಸೀಮೆಎಣ್ಣೆ ತುಂಬುತ್ತಿದ್ದುದನ್ನು ಕಂಡೆ ಎಂದರು. ಇನ್ನೊಬ್ಬರು, ಅವಳ ಸೀರೆಯೂ ನಾರುತ್ತಿತ್ತು ಎಂದರು. ಮತ್ತೊಬ್ಬರು ಐದು ವರ್ಷದ ಮಾತು ತೆಗೆದರು. ತನ್ನ ಮಡಿಲು ತುಂಬದವಳಿಗೆ ಓರಗಿತ್ತಿಯ ಕೂಸು ಕಣ್ಣಿಗೆ ಚುಚ್ಚಿರಬೇಕು ಎಂಬಲ್ಲಿಗೆ ಅದು ಮುಟ್ಟಲು ಬಹಳ ಹೊತ್ತು ಹಿಡಿಯಲಿಲ್ಲ. ಮಾಟಗಾರನನ್ನು ಕರೆಯಲು ಹೊರಟಿದ್ದ ಇಬ್ಬರು ಪಟೇಲರ ಚೀಟಿ ಹಿಡಿದುಕೊಂಡು ಗುಂಡ್ಲುಪೇಟೆಯ ಪೊಲೀಸರ ಕಡೆಗೆ ಹೋದರು.

ಮನೆಗೆ ಬಂದಾಗ ನಮ್ಮವ್ವ ರಾಗಿ ಬೀಸುತ್ತಿದ್ದಳು. ಕಟ್ಟೆಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು.

"ಗೆದ್ದಲ್ಲಪ್ಪ," ಎಂದಳು, ಕಲ್ಲು ನಿಲ್ಲಿಸದೆ. "ದೆವ್ವುನ್ನ ಓಡುಸ್ಬುಟ್ಟೆ. ಈಗ ಆ ಎಣ್ಣುಮಗಳ್ನ ಯಾರ್ ಬುಡುಸ್ಕಬತ್ತರು?"

ತಪ್ಪು ಮಾಡದಿದ್ದರೆ ಪೊಲೀಸರೇ ಬಿಡುತ್ತಾರೆ ಎಂದೆ. ಅವ್ವ ಇನ್ನೊಂದು ಹಿಡಿ ರಾಗಿ ಹಾಕಿದಳು.

ಪೊಲೀಸ್ ದಫೇದಾರರು ಮಧ್ಯಾಹ್ನ ಸೈಕಲ್ಲಿನ ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ, ಕೂಸಿನ ಶವಕ್ಕೆ ಹೊದಿಸಿದ ಬಟ್ಟೆ ಸರಿಸಿ ನೋಡಿದವರು ಬಹಳ ಹೊತ್ತು ಟೋಪಿ ಮತ್ತೆ ಹಾಕಿಕೊಳ್ಳಲಿಲ್ಲ. ಸ್ಥಳ ಮಹಜರು ಬರೆಯಬೇಕಿತ್ತು. ಬೆಂಕಿ ಬಿದ್ದ ಜಾಗವನ್ನು ಪಂಚರು ಕಣ್ಣಾರೆ ಕಂಡು, ಕಂಡದ್ದನ್ನು ಬರೆಸಿ ರುಜು ಹಾಕುವ ಕಾಗದ ಅದು. ಶಾನುಭೋಗರು ಊರಲ್ಲಿರಲಿಲ್ಲ. ನನ್ನ ಅಕ್ಷರ ದುಂಡಗಿದೆ, ಮೇಲಾಗಿ ವಿಜ್ಞಾನ ಓದಿದವನು, ನೀವೇ ಬರೀರಿ ಮೇಷ್ಟ್ರೆ ಎಂದರು. ಜಗಲಿಯ ಮೇಲೆ ಚಕ್ಕಳಮಟ್ಟೆ ಹಾಕಿ ಕೂತು ಬರೆದೆ. ಹೊಸಿಲಿನಲ್ಲಿ ನಿಂತು ಒಳಗೊಮ್ಮೆ ಇಣುಕಿದ್ದೆ, ಅಷ್ಟೇ. ಒಳಗೆ ಕಪ್ಪು ಮಣ್ಣಿನ ರಾಶಿ, ಅರೆಬೆಂದ ತೊಲೆ, ಗಬ್ಬು ವಾಸನೆ. ಹೊಸ ಪಂಚೆ ಉಟ್ಟಿದ್ದೆ ಎಂಬುದೂ ನೆನಪಿದೆ.

ಆ ಮಹಜರಿನ ಒಂದು ವಾಕ್ಯವನ್ನು ಯಾರೂ ನನ್ನಿಂದ ಬರೆಸಲಿಲ್ಲ. "ಬೆಂಕಿ ತಾನಾಗಿ ಹತ್ತುವಂಥ ಯಾವ ಕಾರಣವೂ ಸ್ಥಳದಲ್ಲಿ ಕಂಡುಬರಲಿಲ್ಲ." ನಾನೇ ಸೇರಿಸಿದೆ. ವಾಕ್ಯ ಚೆನ್ನಾಗಿದೆ ಅನ್ನಿಸಿತ್ತು. ದಫೇದಾರರು ಓದಿ ತಲೆದೂಗಿದರು. ಅದರ ಬಲದ ಮೇಲೆ ಅವಳನ್ನು ಕರೆದುಕೊಂಡು ಹೋದರು. ಬಟ್ಟೆ ಸುತ್ತಿದ ಕೈಗಳನ್ನು ಎದೆಯ ಹತ್ತಿರ ಎತ್ತಿ ಹಿಡಿದುಕೊಂಡು ಊರಿನ ಎತ್ತಿನ ಗಾಡಿಯೊಂದರ ಹಿಂಭಾಗದಲ್ಲಿ ಕೂತಿದ್ದಳು. ಅವಳ ಗಂಡ ಬೇಲಿಯ ಹತ್ತಿರ ನಿಂತಿದ್ದ. ಗಾಡಿ ಹೊರಟಾಗ ಒಳಗೆ ಹೋದ. ಕೂಸನ್ನು ಸಂಜೆಗೆ ಮೊದಲೇ ಮಣ್ಣು ಮಾಡಿದರು.

ಸೋಮವಾರ ಬೆಳಿಗ್ಗೆ ನಾನು ಮೋಟಾರಿಗೆ ಹೊರಟಾಗ ಆ ಮನೆಯಲ್ಲಿ ತಂಪು ಎರೆಯುತ್ತಿದ್ದರು. ಬೆಂಕಿ ಬಿದ್ದ ಜಾಗಕ್ಕೆ ಮಾರಮ್ಮನ ಗುಡಿಯ ಬಾವಿಯ ನೀರು, ಮಜ್ಜಿಗೆ, ಬೇವಿನ ಸೊಪ್ಪು ಚಿಮುಕಿಸುವುದು ನಮ್ಮ ಕಡೆಯ ಪದ್ಧತಿ. ಒಳಮನೆಯ ಮೂಲೆಯಲ್ಲಿ ಚೆಂಬು ಬಗ್ಗಿಸಿದಾಗ ಚುಂಯ್ ಎಂದು ಆವಿ ಎದ್ದಿತು. ಬೆಂಕಿ ಆರಿ ಒಂದೂವರೆ ದಿನವಾಗಿತ್ತು. ಅಮ್ಮನ ಕೋಪ ಇನ್ನೂ ಇಳಿದಿಲ್ಲ ಎಂದು ಹೆಂಗಸರು ಕೈ ಮುಗಿದರು. ನಾನು ಪಕ್ಕದಲ್ಲಿದ್ದವನ ಕಡೆ ತಿರುಗಿ ನಕ್ಕೆ. ನಗುವುದಕ್ಕೆ ಹೊತ್ತಿತ್ತು, ಬಗ್ಗಿ ನೋಡುವುದಕ್ಕೆ ಇರಲಿಲ್ಲ.

ಆ ವಾರವೆಲ್ಲ ಶಾಲೆಯಲ್ಲಿ ಗಡಿಬಿಡಿ. ನಾಡು ಒಂದಾಗುವ ಉತ್ಸವಕ್ಕೆ ಕಟ್ಟಡಕ್ಕೆ ಸುಣ್ಣ ಬಳಿಸಬೇಕಿತ್ತು. ಗುರುವಾರ ಒಬ್ಬ ಸುಣ್ಣದ ಕೆಲಸದವನು ಗಾಡಿಯಲ್ಲಿ ಸುಣ್ಣದ ಕಲ್ಲು ತಂದು ಅಂಗಳದಲ್ಲಿ ಇಳಿಸಿದ. ಮೋಡ ಕವಿದಿತ್ತು. ಕಲ್ಲಿಗೆ ಹನಿ ಬಿದ್ದೀತೆಂದು ನಾನು ಎರಡು ಗೋಣಿಚೀಲ ಹಾಸಿಸಿ, ಮೂಲೆಯಲ್ಲಿದ್ದ ಬೆಂಚಿನ ಕೆಳಗೆ ಇಡು ಎಂದೆ.

"ಬ್ಯಾಡ ಸಾ," ಅಂದ ಅವನು. "ಗೋಣಿ ಮ್ಯಾಕ ಮಡಗ್ಬ್ಯಾಡಿ. ಹನಿ ಬಿದ್ರೆ ಒತ್ಕತ್ತದೆ."

"ಏನು ಹೊತ್ತಿಕೊಳ್ಳೋದು?"

"ಗೋಣಿ ಸಾ. ನಮ್ಮಪ್ಪನ ಗಾಡಿ ಅಂಗೇ ಸುಟ್ಟೋಯ್ತು, ಉಲ್ಲು ಆಸಿ ಸುಣ್ಣ ತಂದಿದ್ದ, ದಾರೀಲಿ ಮಳ ಬಂತು. ನಿಮ್ಗ ಗೊತ್ತಿಲ್ವಾ? ನೀವ್ ಓದ್ದೋರು."

ಅವನು ಡ್ರಮ್ಮಿಗೆ ಕಲ್ಲು ಹಾಕಿ ನೀರು ಸುರಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಕೊತಕೊತ ಕುದಿಯತೊಡಗಿತು, ಬಿಳಿಯ ಆವಿ ಬುಸ್ಸೆಂದು ಎದ್ದಿತು, ಡ್ರಮ್ಮು ಕೈಯಿಟ್ಟರೆ ಸುಡುವಷ್ಟು ಕಾಯಿತು. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಶಾಖ ಹುಟ್ಟುತ್ತದೆ ಎಂದು ನಾನು ಅದಕ್ಕೆ ಎರಡು ತಿಂಗಳ ಹಿಂದೆ ಎಂಟನೆಯ ತರಗತಿಗೆ ಪಾಠ ಮಾಡಿದ್ದೆ. ಸಮೀಕರಣ ಬರೆಸಿದ್ದೆ. ತಪ್ಪಾಗಿ ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆ ಆವಿಯ ಮುಂದೆ ನಿಂತಾಗ ಒಂದೊಂದೇ ಬಂದು ನನ್ನ ಎದುರಿಗೆ ನಿಂತವು: ಅಟ್ಟದಿಂದ ಬಂದ ಬಿಳಿ ಹೊಗೆ, ತಿಂದುಹೋದ ಅಂಗೈ, ಬೆರಳ ಸಂದಿಯ ಬಿಳುಪು, ಚುಂಯ್ ಎಂದ ಮೂಲೆ. ದೀಪಾವಳಿಗೆ ಮುಂಚೆ ಸುಣ್ಣದ ಕಲ್ಲು ತಂದಿಡದ ಮನೆ ನಮ್ಮೂರಲ್ಲಿ ಒಂದೂ ಇಲ್ಲ.

ಮಧ್ಯಾಹ್ನದ ರಜೆ ಹಾಕಿ ಹೊರಟೆ.

ಯಜಮಾನ ಒಬ್ಬನೇ ಜಗಲಿಯ ಮೇಲಿದ್ದ. ಸುಣ್ಣದ ಕಲ್ಲು ತಂದಿದ್ದಿರಾ, ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ನೆಲದ ಮೇಲಿಟ್ಟರೆ ಥಂಡಿ ಹೀರಿ ಅರಳಿಬಿಡುತ್ತದೆ, ಹಬ್ಬಕ್ಕೆ ಬಿಳುಪು ಬರುವುದಿಲ್ಲ, ಅದಕ್ಕೇ ಒಂದು ಬಿದಿರಿನ ಮಂಕರಿಗೆ ಹುಲ್ಲು ಹಾಸಿ ತುಂಬಿ ಅಟ್ಟದ ಮೇಲಿಟ್ಟಿದ್ದೆ ಎಂದ. ತಲೆತಲಾಂತರದಿಂದ ಹಾಗೇ ಇಡುತ್ತಿದ್ದರು. ನಮ್ಮ ಮನೆಯಲ್ಲೂ ಅಷ್ಟೆ. ಅಟ್ಟದ ಮೇಲೆ ಇನ್ನೇನಿತ್ತು? ಮಳೆಗಾಲಕ್ಕೆ ಕೂಡಿಟ್ಟ ಬೆರಣಿ, ಒಣ ಹುಲ್ಲು. ಹೆಂಚು ಸೋರುತ್ತಿತ್ತೇ? ಹಿಂದಿನ ವಾರ ಕೋತಿಗಳು ಹೆಂಚು ಸರಿಸಿದ್ದವು, ಕೈಯಾಡಿಸಲು ಬಿಡುವಾಗಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವನ ಮಾತು ನಿಧಾನವಾಯಿತು. ನಾನು ಯಾಕೆ ಕೇಳುತ್ತಿದ್ದೇನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಆದರೆ ಒಳ್ಳೆಯದಕ್ಕಲ್ಲ ಎಂದು ತಿಳಿದಿತ್ತು.

ಪಂಚೆ ಎತ್ತಿ ಕಟ್ಟಿ, ಹಾರೆ ಗುದ್ದಲಿ ತೆಗೆದುಕೊಂಡು, ಮೊದಲ ದಿನವೇ ಹೋಗಬೇಕಾಗಿದ್ದ ಜಾಗಕ್ಕೆ ಹೋದೆ. ಈ ಸಲ ಯಾರೊಡನೆಯೂ ವಾದ ಮಾಡುವುದಿರಲಿಲ್ಲ, ನೋಡುವುದಷ್ಟೇ ಇತ್ತು. ನೋಡಲು ಕೂತರೆ ಸುಟ್ಟ ಮನೆ ಬಹಳ ಹೇಳುತ್ತದೆ. ಗೋಡೆಯ ಮಸಿ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಒಂದು ಮೂಲೆಯಲ್ಲಿ ಮಸಿಯೇ ಸುಟ್ಟುಹೋಗಿ ಮಣ್ಣು ಇಟ್ಟಿಗೆಯಂತೆ ಕೆಂಪಾಗಿತ್ತು, ಅಲ್ಲಿಂದ ಮೇಲಕ್ಕೆ ಹೋದಂತೆ ಆ ಕೆಂಪು ಅಗಲವಾಗುತ್ತಾ ಹೋಗಿತ್ತು. ತೊಲೆಯನ್ನು ಚಾಕುವಿನಿಂದ ಚುಚ್ಚುತ್ತಾ ಹೋದೆ. ಉಳಿದೆಡೆ ಸುಟ್ಟದ್ದು ಉಗುರಿನಷ್ಟು ಆಳ, ಆ ಮೂಲೆಯಲ್ಲಿ ಎರಡು ಬೆರಳಿನಷ್ಟು. ಅದೂ ತೊಲೆಯ ಮೇಲುಗಡೆಯಲ್ಲೇ ಹೆಚ್ಚು. ಅಂದರೆ ಬೆಂಕಿ ನೆಲದಿಂದ ಹತ್ತಿಹೋಗಲಿಲ್ಲ, ಅಟ್ಟದ ಮೇಲೆಯೇ ಹುಟ್ಟಿತ್ತು. ಸೀಮೆಎಣ್ಣೆ ಸುರಿದಿದ್ದರೆ ಅದು ಕೆಳಕ್ಕೆ ಇಳಿದು ನೆಲವನ್ನು ಸುಟ್ಟಿರಬೇಕಿತ್ತು. ಕುಸಿದ ಮಣ್ಣನ್ನು ಸರಿಸಿದೆ. ಸಗಣಿ ಸಾರಿಸಿದ ನೆಲದ ಹಸಿರು ಹಾಗೇ ಇತ್ತು.

ಮಂಕರಿಯ ತಳ ಸಿಕ್ಕಿದ್ದು ಆ ಮೂಲೆಯಲ್ಲೇ, ಅಟ್ಟದ ಮಣ್ಣಿನ ಹೆಂಟೆಗಳ ಅಡಿ. ಎರಡು ಕೈಯಲ್ಲೂ ಎತ್ತಿ ಬೆಳಕಿಗೆ ಹಿಡಿದೆ. ಬಿದಿರಿನ ಸೀಳು ಒಳಮೈಯಲ್ಲಿ ಕರಿದಾಗಿತ್ತು, ಹೊರಮೈಯಲ್ಲಿ ಇನ್ನೂ ಹಳದಿ. ಯಾರೇ ಹೊರಗಿನಿಂದ ಬೆಂಕಿ ಇಟ್ಟರೂ ಮಂಕರಿ ಹಾಗೆ ಬೇಯುವುದಿಲ್ಲ. ಅದರ ಮೇಲೆ ಬೂದಿಯಲ್ಲದ ಬಿಳಿ ಹಿಟ್ಟು, ಹಿಟ್ಟಿನ ನಡುವೆ ಮಣ್ಣು ಮುಚ್ಚಿದ್ದರಿಂದ ನೀರು ತಾಕದೆ ಉಳಿದ ನಾಲ್ಕೈದು ಕಲ್ಲು. ಯಜಮಾನ ಹೊಸಿಲಿನಲ್ಲಿ ನಿಂತು ನೋಡುತ್ತಿದ್ದ. ನಾನು ಕಲ್ಲುಗಳನ್ನು ಒಂದು ಮಡಕೆ ಚೂರಿನಲ್ಲಿಟ್ಟು, ಮೇಲೆ ಒಂದು ಹಿಡಿ ಒಣಹುಲ್ಲು ಹಾಕಿ, ಚೆಂಬಿನಿಂದ ಸ್ವಲ್ಪವೇ ನೀರು ಬಗ್ಗಿಸಿದೆ. ಕಾದೆವು. ಕಲ್ಲು ಬಿರಿಯಿತು, ಆವಿ ಎದ್ದಿತು. ಹುಲ್ಲು ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡತೊಡಗಿತು. ಅಷ್ಟೇ ಕಲ್ಲಿಗೆ ಉರಿ ಬರಲಿಲ್ಲ, ಆದರೆ ಹೊಗೆ ಸಾಕಾಗಿತ್ತು. ಮಂಕರಿ ತುಂಬ ಇದ್ದಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಬೇಕಾಗಲಿಲ್ಲ.

ಅವನು ಕೂತುಬಿಟ್ಟ.

"ನಾನೇ ಮಡಗಿದ್ದು ಕನಪ್ಪ," ಎಂದ. ತೊಲೆಯ ಕಡೆ ನೋಡಿ, "ತೊಟ್ಲೂ ನಾನೇ ಕಟ್ಟಿದ್ದು."

ನಾನು ಹೊಗೆಯಾಡುತ್ತಿದ್ದ ಹುಲ್ಲಿನ ಮೇಲೆ ಮಣ್ಣು ಸುರಿದೆ.

"ಇದ್ನ ಎಲ್ಲೂ ಏಳ್ಬ್ಯಾಡ ಮಗ. ದೊಡ್ಡ ಸೊಸ ಒಂದೇ ಒಲೆ ಮುಂದ ಉಣ್ಬೇಕು ನನ್ಜೊತ."

ಆಗ ನಾನು ವಾದಿಸಿದೆ. ಬಟ್ಟಲು ಗೆದ್ದ ವಾದವಲ್ಲ. ನಿಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದು ಅಪರಾಧವಲ್ಲ, ಅಲ್ಲಿ ಠಾಣೆಯಲ್ಲಿ ಕೂತಿರುವವಳು ಏನೂ ಮಾಡಿಲ್ಲ, ನೀವು ಬಂದು ಇಟ್ಟದ್ದು ನಿಜ ಅನ್ನದಿದ್ದರೆ ಈ ಮಂಕರಿ ಬರೀ ಮಂಕರಿ ಎಂದೆಲ್ಲ ಹೇಳಿದೆ. ಅವನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಕೊನೆಗೆ ಎದ್ದು ಒಳಗೆ ಹೋದ. ನಾನು ಸೋತೆ ಅಂದುಕೊಂಡು ಮಂಕರಿಯ ತಳವನ್ನು ಒಂದು ಹಳೆಯ ಪಂಚೆಯಲ್ಲಿ ಕಟ್ಟುತ್ತಿದ್ದಾಗ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡು ಹೊರಗೆ ಬಂದ.

ಗುಂಡ್ಲುಪೇಟೆಗೆ ಹೋಗುವ ಮೋಟಾರಿನಲ್ಲಿ ಅವನು ಮಂಕರಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ.

ದಫೇದಾರರು ಎಲ್ಲ ಕೇಳಿದರು. ಮಂಕರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಕಡತ ತೆಗೆದು ನನ್ನ ದುಂಡಗಿನ ಅಕ್ಷರವನ್ನು ನನ್ನ ಮುಂದೆ ಹಿಡಿದರು.

"ಇದೂ ನೀವೇ, ಅದೂ ನೀವೇ. ಎರಡರಲ್ಲಿ ಯಾವ ಮೇಷ್ಟ್ರನ್ನ ನಂಬ್ಲಿ?"

ಎರಡನೆಯವನನ್ನು ಎಂದೆ. ಮೊದಲನೆಯವನು ಒಳಗೆ ಹೋಗಿ ನೋಡಿರಲಿಲ್ಲ ಎಂದೆ. ಅದನ್ನೇ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಯಜಮಾನ ಹೆಬ್ಬೆಟ್ಟು ಒತ್ತಿದ. ಹೊಸ ಮಹಜರು, ಮೇಲಿನವರ ಪರಿಶೀಲನೆ, ಮ್ಯಾಜಿಸ್ಟ್ರೇಟರ ಅಪ್ಪಣೆ, ಇವೆಲ್ಲ ಮುಗಿಯುವ ಹೊತ್ತಿಗೆ ಉತ್ಸವವೂ ಮುಗಿದಿತ್ತು, ದೀಪಾವಳಿಯೂ ಮುಗಿದಿತ್ತು.

ಅವಳನ್ನು ಬಿಟ್ಟ ದಿನ ಗಂಡನ ಮನೆಯಿಂದ ಯಾರೂ ಬರಲಿಲ್ಲ. ಸುಣ್ಣದ ಮಾತನ್ನು ಹಿರಿಯ ಸೊಸೆ ಒಪ್ಪಿರಲಿಲ್ಲ. ಒಮ್ಮೆ ಬೆಂದ ಕಲ್ಲು ಮತ್ತೆ ಹೇಗೆ ಸುಡುತ್ತದೆ, ಮಾವನವರು ಕಿರಿಯವಳನ್ನು ಉಳಿಸುವುದಕ್ಕೆ ತಮ್ಮ ಮೇಲೆ ಹಾಕಿಕೊಂಡಿದ್ದಾರೆ ಎಂದಳಂತೆ. ಊರೂ ಅದನ್ನೇ ನಂಬಿತು. ಕಟ್ಟೆಯ ಮೇಲೆ ನಾನು ಮಡಕೆ ಚೂರಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸಿದೆ. ನೋಡಿದರು. ಮೇಷ್ಟ್ರು ಹೋದ ತಿಂಗಳು ಒಂದು ಹೇಳಿದರು, ಈ ತಿಂಗಳು ಇನ್ನೊಂದು ಹೇಳುತ್ತಾರೆ ಎಂದು ಎದ್ದುಹೋದರು. ಅವರನ್ನು ಹೇಗೆ ತೆಗಳಲಿ? ಸೀಮೆಎಣ್ಣೆಯ ಮಾತನ್ನು ನಾನು ಹೇಳಿದ್ದು ಅಷ್ಟು ಚೆನ್ನಾಗಿತ್ತು.

ಗುಂಡ್ಲುಪೇಟೆಯ ಮೋಟಾರು ನಿಲ್ದಾಣದಲ್ಲಿ ಅವಳ ತಂದೆ ಅವಳಿಗೆ ಕಾಫಿ ಕುಡಿಸುತ್ತಿದ್ದ. ಬೆರಳುಗಳು ಮಡಿಚಿಕೊಂಡು ಒಣಗಿದ್ದವು, ಲೋಟ ಹಿಡಿಯಲಾಗುತ್ತಿರಲಿಲ್ಲ. ನಾನು ಹತ್ತಿರ ಹೋಗಿ ನಿಂತೆ. ತಪ್ಪಾಯಿತು ಎಂದೆ. ಸುಣ್ಣದ ವಿಷಯವನ್ನು ವಿವರಿಸಲು ಹೊರಟೆ: ನೀರು, ಶಾಖ, ಹುಲ್ಲು. ಅವಳು ಪೂರ್ತಿ ಕೇಳಿದಳು, ಮೊದಲು ಕಾಗದ ಓದಿಸಿಕೊಳ್ಳುವಾಗ ಕೇಳುತ್ತಿದ್ದ ಹಾಗೆ.

"ಸರಿ ಬುಡಿ ಮೇಷ್ಟ್ರೆ," ಎಂದಳು. "ಅವತ್ತು ಮಾಟ ಅಂದ್ಬುಟ್ಟಿದ್ರೆ ಒಂದ್ ಕೋಳಿ ಕುಯ್ದು ಸುಮ್ಕಾಗೋರು. ನಾನು ನಮ್ ಹಟ್ಟೀಲೇ ಇರ್ತಿದ್ದಿ."

ಮಾಟ ಎಂಬುದು ಇಲ್ಲ. ಇವತ್ತೂ ಯಾವ ವೇದಿಕೆಯ ಮೇಲೆ ಬೇಕಾದರೂ ಸಾಧಿಸಿ ತೋರಿಸಬಲ್ಲೆ. ಅವಳಿಗೆ ಉತ್ತರ ಕೊಡಲು ಅದು ನನಗೆ ಯಾವ ಸಹಾಯಕ್ಕೂ ಬರಲಿಲ್ಲ. ತಂದೆ ಲೋಟವನ್ನು ಮತ್ತೆ ಅವಳ ತುಟಿಗೆ ಹಿಡಿದ. ಅವಳು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ, ನನ್ನ ಮೋಟಾರು ಹೊರಟುಹೋಯಿತು.